ಎಲ್ಲಿ ನೋಡಿದೆ, ಎಲ್ಲಿ ನೋಡಲಿಲ್ಲ

ಲಾವಣ್ಯ ಮೊದಲ ಸಲ ಕಣ್ಣಿಗೆ ಬಿದ್ದ ದಿನ ಜುಂಜಮ್ಮನ ಒಂದು ಕುರಿಮರಿ ಕಾಣೆಯಾಗಿತ್ತು. ಹನ್ನೊಂದು ದಿನದ ಮರಿ, ಎಡಗಿವಿಯ ಮೇಲೆ ಕಪ್ಪು ಮಚ್ಚೆ. ಐ.ಡಿ.ಹಳ್ಳಿಯಿಂದ ಮೂರು ಮೈಲಿ ಒಳಗಿರುವ ಆ ಹಟ್ಟಿಯಲ್ಲಿ ಜುಂಜಮ್ಮನದು ಕಟ್ಟಕಡೆಯ ಮನೆ. ಮನೆಯ ಪಕ್ಕ ಕುರಿ ಕೂಡುವ ರೊಪ್ಪ, ರೊಪ್ಪದ ಹಿಂದೆ ದೊಡ್ಡ ಬಂಡೆ. ಗಂಡ ಓಬಳಪ್ಪ ತೀರಿಕೊಂಡು ಇಪ್ಪತ್ತೊಂದು ವರ್ಷವಾಗಿತ್ತು. ಹದಿನಾಲ್ಕು ಕುರಿ ಇಟ್ಟುಕೊಂಡು ಒಬ್ಬಳೇ ಇದ್ದ ಮುದುಕಿ ಅವಳು, ಬೆಳಗಿನಿಂದ ರೊಪ್ಪದ ಮೂಲೆಮೂಲೆಗೆ ಬಗ್ಗಿ ಬಗ್ಗಿ ನೋಡುತ್ತಿದ್ದಳು.

ಬಂಡೆಯ ಕಡೆಯಿಂದ ಒಬ್ಬ ಹುಡುಗಿ ಬಂದಳು. ಹೆಗಲಿಗೆ ಕಪ್ಪು ಚೀಲ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೇಲೆತ್ತಿ ಹಿಡಿದ ಫೋನು. ಎಂಟು ದಿನದ ಹಿಂದೆ ಹಟ್ಟಿಯ ಸುನಿಲ್‌ಕುಮಾರನನ್ನು ಮದುವೆಯಾಗಿ ಶಿರಾ ಕಡೆಯಿಂದ ಬಂದ ಸೊಸೆ ಇವಳೇ ಇರಬೇಕು ಅಂದುಕೊಂಡಳು ಜುಂಜಮ್ಮ.

“ಏನ್ ಹುಡುಕ್ತಿದ್ದೀರಾ ಅಜ್ಜಿ?”

“ಮರಿ ಕಣಮ್ಮ.”

ಹುಡುಗಿ ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಓಡಿದಳು. ಒಂದು ಸುತ್ತು ಬಂದು ನಿಂತಳು.

“ಇಲ್ಲ ಅಜ್ಜಿ.”

“ಎಲ್ಲೆಲ್ಲಿ ನೋಡ್ದೆ?”

“ಎಲ್ಲಾ ಕಡೆ ನೋಡ್ದೆ.”

“ಎಲ್ಲಾ ಕಡೆ ಅನ್ನೋ ಜಾಗ ನಮ್ ಹಟ್ಟೀಲಿ ಇಲ್ಲ ಕಣಮ್ಮ. ಒಂದೊಂದೇ ಹೆಸರಿಟ್ಟು ಯೋಳು.”

ಹುಡುಗಿಗೆ ನಗು ಬಂತು. ಮುದುಕಿ ನಗಲಿಲ್ಲ. ಹುಡುಗಿ ಬೆರಳು ಮಡಚಿದಳು: ಬಂಡೆಯ ಹಿಂದೆ, ನೀರಿನ ತೊಟ್ಟಿಯ ಹತ್ತಿರ, ಹುಲ್ಲಿನ ಮೆದೆಯ ಸುತ್ತ, ಬೇಲಿ.

“ಬೇಲಿ ಹೊರಗೋ, ಒಳಗೋ?”

“ಹೊರಗಿಂದ ನೋಡ್ದೆ.”

“ಅಂಗಾದ್ರೆ ಬೇಲಿ ಒಳಗೆ ನೋಡ್ಲಿಲ್ಲ ಅನ್ನು. ಇಲ್ಲ ಅನ್ಬ್ಯಾಡ.”

ಮುಳ್ಳುಬೇಲಿಯನ್ನು ಎರಡು ಸಾಲಾಗಿ ಒತ್ತಿದ್ದರು. ಆ ಎರಡು ಸಾಲಿನ ನಡುವಿನ ಸಂದಿಯಲ್ಲಿ ಮರಿ ಸಿಕ್ಕಿಕೊಂಡು, ಕೂಗುವ ಶಕ್ತಿಯೂ ಇಲ್ಲದೆ ಒರಗಿತ್ತು. ಲಾವಣ್ಯ ತಾನೇ ಕೈ ತೂರಿಸಿ ಎಳೆದಳು. ಮೊಣಕೈಯಿಂದ ಬೆರಳಿನ ತನಕ ಗೀರಿ ರಕ್ತ ಬಂತು. ಮರಿ ಬದುಕಿತು.

ಅಂದಿನಿಂದ ಅವಳು ದಿನಾ ಬರತೊಡಗಿದಳು. ಹಟ್ಟಿಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಆ ಬಂಡೆಯ ಮೇಲೆ ಮಾತ್ರ. ಬಂಡೆಗೆ ಒರಗಿಕೊಂಡಂತೆ ಒಂದು ಹೊಂಗೆಮರ. ಅದರ ನೆರಳಿನಲ್ಲಿ ಗೋಣಿತಾಟು ಹಾಸಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂಬತ್ತು ಗಂಟೆಗೆ ಕೂತರೆ ಸಂಜೆ ಐದಕ್ಕೆ ಏಳುತ್ತಿದ್ದಳು. ನೆರಳು ಸರಿದಂತೆ ಗೋಣಿತಾಟೂ ಸರಿಯುತ್ತಿತ್ತು. ಗಂಡ ಬಲಸಮುದ್ರದ ಕಡೆ ಸೋಲಾರ್ ಹಲಗೆ ತೊಳೆಯುವ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುತ್ತಿದ್ದ. ಬೇಸಾಯದ ಮನೆಯಲ್ಲಿ ಕೂತು ಕೆಲಸ ಮಾಡುವ ಸೊಸೆ ಅಂತ ಹಟ್ಟಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. “ಬಂಡೆ ಕಾಯಾಕ್ಕೂ ಸಂಬಳ ಕೊಡ್ತಾರಂತೆ ಕಣೇ, ನಾವೂ ಓಗಾನ” ಅನ್ನುತ್ತಿದ್ದರು.

ಒಂದು ತಿಂಗಳ ಮೇಲೆ ಜುಂಜಮ್ಮನೇ ಕೇಳಿದಳು, “ಅಲ್ಲಮ್ಮಾ, ಏನ್ ಮಾಡ್ತೀಯಾ ಅದ್ರಾಗೆ?”

ಲಾವಣ್ಯ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ ಹೇಳಿದಳು. “ಹಳೇ ಸಾಫ್ಟ್‌ವೇರ್ ಇರ್ತವೆ ಅಜ್ಜಿ. ಹತ್ತಾರು ವರ್ಷ ಹತ್ತಾರು ಜನ ಬರೆದು ಬಿಟ್ಟೋಗಿರ್ತಾರೆ. ಯಾವ ತುಂಡು ಯಾಕಿದೆ ಅಂತ ಯಾರಿಗೂ ನೆನಪಿರಲ್ಲ. ಅದನ್ನ ಓದಿ, ಯಾವುದು ಬೇಕು, ಯಾವುದು ಬ್ಯಾಡ ಅಂತ ನೋಡೋಕೆ ಈಗ ಎಐ ಏಜೆಂಟ್ ಅಂತ ಬಿಡ್ತಾರೆ. ಮನುಷ್ಯ ಅಲ್ಲ, ಯಂತ್ರ. ಅದಕ್ಕೆ ಒಂದಿಷ್ಟು ಟೂಲ್ ಕೊಡ್ತಾರೆ. ಹುಡುಕೋದೊಂದು, ಓದೋದೊಂದು, ಅಳಿಸೋದೊಂದು. ಪ್ರತಿ ಟೂಲಿಗೂ ಒಂದು ಚೀಟಿ ಅಂಟ್ಸಿರ್ತೀವಿ. ಏಜೆಂಟಿಗೆ ಟೂಲಿನ ಒಳಗೇನಿದೆ ಅಂತ ಗೊತ್ತಾಗಲ್ಲ, ಚೀಟಿ ಓದಿ ಯಾವುದು ಬೇಕೋ ತಗೊಳುತ್ತೆ. ಆ ಚೀಟಿ ಬರಿಯೋದು ನಾನು.”

“ಚೀಟಿ ತಪ್ಪಾದ್ರೆ?”

“ಟೂಲೂ ತಪ್ಪುತ್ತೆ.”

ಜುಂಜಮ್ಮ ಎದ್ದು ಒಳಗೆ ಹೋಗಿ ಎರಡು ಡಬ್ಬ ತಂದಿಟ್ಟಳು. ಎರಡರಲ್ಲೂ ಹಾಲಿನಂಥ ಬಿಳಿ ಔಷಧಿ. ಒಂದರ ಕತ್ತಿಗೆ ಕೆಂಪು ಬಟ್ಟೆ ಕಟ್ಟಿತ್ತು.

“ಇದು ಜಂತುಹುಳಕ್ಕೆ ಕುಡ್ಸೋದು. ಈ ಕೆಂಪುಬಟ್ಟೇದು ಉಣ್ಣಿಗೆ ಮೈಗೆ ಹಚ್ಚೋದು. ನಿನ್ ಗಂಡ ಚಿಕ್ಕೋನಾಗಿದ್ದಾಗ ಒಂದಿನ ನಂಗೆ ಜ್ವರ. ಲೇ ಸುನಿಲ, ಗೂಡಲ್ಲಿ ಜಂತುಹುಳದ ಔಷಧಿ ಐತೆ, ಕುರಿಗೆ ಕುಡ್ಸೋ ಅಂದೆ. ಉಣ್ಣೀದು ಕುಡ್ಸ್ದ. ಮೂರು ಕುರಿ ನೊರೆ ಕಾರ್ಕೊಂಡು ಸತ್ವು.”

“ಅಯ್ಯೋ! ಇವತ್ತಿಗೂ ಅವರು ಅಂಗೇ ಅಜ್ಜಿ. ಉಪ್ಪು ತರ್ರಿ ಅಂದ್ರೆ ಸೋಡಾಪುಡಿ ತರ್ತಾರೆ.”

“ಅವನ್ನ ಅನ್ಬ್ಯಾಡ. ತಪ್ಪು ಅವಂದಲ್ಲ. ಯಾವುದು ಕುಡ್ಸೋದು ಅಂತ ಯೋಳಿದ್ದೆ, ಯಾವುದು ಕುಡ್ಸಬಾರ್ದು ಅಂತ ನಾನು ಯೋಳ್ಲಿಲ್ಲ.”

ಲಾವಣ್ಯ ಆ ಕೆಂಪು ಬಟ್ಟೆಯನ್ನು ಬೆರಳಿನಲ್ಲಿ ಹಿಡಿದು, ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿದಳು.

ಅಲ್ಲಿಂದ ಅವರಿಬ್ಬರಿಗೂ ಒಂದು ಆಟ ರೂಢಿಯಾಯಿತು. ಲಾವಣ್ಯ ತಾನು ಬರೆದ ಚೀಟಿಯನ್ನು ಕನ್ನಡದಲ್ಲಿ ಓದುವುದು, ಜುಂಜಮ್ಮ ಏನೂ ತಿಳಿಯದ ಏಜೆಂಟ್ ಆಗುವುದು.

“ಈ ಟೂಲು ಫೈಲಿನಲ್ಲಿ ಬೇಕಾದ ಪದವನ್ನು ಹುಡುಕುತ್ತದೆ.”

“ಯಾವ ಫೈಲು? ಮೊದಲ್ನೇದ್ರಾಗೆ ಹುಡುಕಿ ಕೂತ್ಕೊಂಡೆ. ಕೂಳಿಕ್ಕು.”

“ಕೊಟ್ಟ ಫೋಲ್ಡರಿನ ಎಲ್ಲಾ ಫೈಲುಗಳಲ್ಲಿ ಹುಡುಕುತ್ತದೆ.”

“ಸಾವಿರ ಸಿಕ್ವು. ಎಲ್ಲಾ ತಂದು ನಿನ್ ತಲೆ ಮೇಲೆ ಸುರಿದೆ.”

“ಮೊದಲ ಐವತ್ತು ಮಾತ್ರ ಕೊಡುತ್ತದೆ. ಇನ್ನೂ ಇದ್ದರೆ ಇನ್ನೂ ಇವೆ ಎಂದು ಹೇಳುತ್ತದೆ.”

“ಆಂ, ಈಗ ಓಗ್ತೀನಿ ಕೆಲ್ಸಕ್ಕೆ.”

ಜುಂಜಮ್ಮನ ಹತ್ತಿರ ಒಂದು ಉದ್ದನೆಯ ಪುಸ್ತಕವಿತ್ತು. ಸಾಕ್ಷರತೆಯವರು ಹಟ್ಟಿಗೆ ಬಂದು ಪಾಠ ಹೇಳಿದ ಕಾಲದಲ್ಲಿ ಕಲಿತ ಅಕ್ಷರ ಅವಳದು. ಯಾವ ಕುರಿ ಯಾವ ದಿನ ಈಯಿತು, ಯಾವುದಕ್ಕೆ ಕಾಲು ಊದಿತು ಅಂತ ಸೀಸದಕಡ್ಡಿಯಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದಳು. ಒಂದು ಸಾಲಿಗೆ ಕಾಲು ಗಂಟೆ. ಆಟದಲ್ಲಿ ಗೆದ್ದ ಚೀಟಿಗಳನ್ನೂ ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡತೊಡಗಿದಳು. ಲಾವಣ್ಯ ಹೇಳುವಳು, ಇವಳು ಬರೆಯುವಳು. ತಾರೀಖು ಹಾಕುವಳು.

ಮಧುಗಿರಿಯಲ್ಲಿ ಬಟ್ಟೆಯಂಗಡಿಯ ಮಹಡಿಯ ಮೇಲೆ ಲಾವಣ್ಯಳ ಆಫೀಸು. ಅಲ್ಲಿನ ಮೇಲ್ವಿಚಾರಕ ನವೀನ್ ಕುಮಾರ್. ಲಾವಣ್ಯ ಬರೆದ ಚೀಟಿ ಇಟ್ಟರೆ ಏಜೆಂಟ್ ಎಡವುವುದಿಲ್ಲ ಅಂತ ಅವನೇ ಫೋನಿನಲ್ಲಿ ಹೇಳಿದ. ಅಂದು ಲಾವಣ್ಯ ಐ.ಡಿ.ಹಳ್ಳಿಯಿಂದ ಕಾಲು ಕೇಜಿ ಖಾರಾಬೂಂದಿ ತಂದಳು. ಇಬ್ಬರೂ ಬಂಡೆಯ ಮೇಲೆ ಕೂತು ತಿಂದರು.

ಆಮೇಲೆ ಆ ಟೂಲು ಬಂತು.

ಸಾಫ್ಟ್‌ವೇರಿನ ಯಾವುದಾದರೂ ಒಂದು ತುಂಡನ್ನು ತೋರಿಸಿದರೆ, ಅದನ್ನು ಬೇರೆ ಯಾವ್ಯಾವ ತುಂಡು ಬಳಸುತ್ತಿದೆ ಎಂದು ಹುಡುಕಿ ಹೇಳುವ ಟೂಲು. ಯಾರೂ ಬಳಸದ ತುಂಡಾದರೆ ಕಸ, ತೆಗೆದುಹಾಕಬಹುದು. ಲಾವಣ್ಯ ಒಂದೇ ಸಾಲು ಬರೆದಿದ್ದಳು: “ಈ ತುಂಡನ್ನು ಯಾರು ಬಳಸುತ್ತಾರೆಂದು ಹುಡುಕಿ ಕೊಡುತ್ತದೆ.”

ಜುಂಜಮ್ಮ ಕುರಿಯ ಗೊರಸಿನಿಂದ ಮುಳ್ಳು ಕೀಳುತ್ತಿದ್ದವಳು ತಲೆ ಎತ್ತಲಿಲ್ಲ. “ಹುಡುಕ್ದೆ. ಯಾರೂ ಇಲ್ಲ.”

“ಯಾರೂ ಇಲ್ಲ ಅಂದ್ರೆ ತೆಗೀಬೋದು.”

“ಎಲ್ಲಿ ಹುಡುಕ್ದೆ ಅಂತ ಕೇಳಲ್ವಾ ನನ್ನ?”

ಲಾವಣ್ಯ ಟೂಲನ್ನು ತೆರೆದು ನೋಡಿದಳು. ಅದು ಕೊಟ್ಟ ಫೋಲ್ಡರಿನ ಒಳಗೆ ಮಾತ್ರ ನೋಡುತ್ತಿತ್ತು. ಹೊರಗಿನ ಯಾವುದಾದರೂ ತುಂಡು ಬಳಸುತ್ತಿದ್ದರೆ ಅದಕ್ಕೆ ಕಾಣುತ್ತಿರಲಿಲ್ಲ. ದಿನಾ ಇಷ್ಟು ಗಂಟೆಗೆ ಅಂತ ತಾನಾಗಿಯೇ ಓಡುವ ಕೆಲಸಗಳು ಇರುತ್ತವೆ, ಅವು ಬಳಸಿದರೂ ಕಾಣುತ್ತಿರಲಿಲ್ಲ.

ಆಗ ಜುಂಜಮ್ಮ ಕುರಿಯ ಕಾಲನ್ನು ಬಿಟ್ಟು, ಯಾರಿಗೂ ಹೇಳದ ಮಾತನ್ನು ಹೇಳಿದಳು.

ಇಪ್ಪತ್ತೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಓಬಳಪ್ಪನ ಕುರಿಗಳು ಕುರಿಗಾಹಿ ಇಲ್ಲದೆ ತಾವೇ ರೊಪ್ಪಕ್ಕೆ ಬಂದವು. ಅವಳ ಮೈದುನ ರಂಗೇಶ್ ಹುಡುಕಲು ಹೋದ. ಹೊತ್ತು ಮುಳುಗುವ ಮುಂಚೆ ಬಂದು, “ಹಳ್ಳ ಪೂರಾ ನೋಡ್ದೆ ಅತ್ತಿಗೆ, ಅಲ್ಲಿಲ್ಲ” ಅಂದ. ಹಳ್ಳದಲ್ಲಿ ಇಲ್ಲ ಅಂತ ಎಲ್ಲರೂ ವೈ.ಎನ್.ಹೊಸಕೋಟೆಯ ನೆಂಟರ ಮನೆ, ಪಾವಗಡದ ಬಸ್‌ಸ್ಟ್ಯಾಂಡು, ಸಂತೆ ಅಂತ ಎರಡು ದಿನ ಅಲೆದರು. ಮೂರನೆಯ ದಿನ ಸೌದೆಗೆ ಹೋದ ಹೆಂಗಸರಿಗೆ ಹಳ್ಳದ ಆಚೆ ದಡದ ಕಲ್ಲುಗುಂಡಿಯಲ್ಲಿ ಓಬಳಪ್ಪ ಸಿಕ್ಕ. ಸೊಂಟ ಮುರಿದಿತ್ತು. ಕೈಗೆ ಎಟಕುವಷ್ಟು ದೂರದ ಹುಲ್ಲನ್ನೆಲ್ಲ ಕಿತ್ತು ಅಗಿದಿದ್ದ. ಗುಂಡಿಯ ಗೋಡೆಯ ಮೇಲೆ ಉಗುರಿನ ಗೀರು. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

“ರಂಗೇಶ ಸುಳ್ಳು ಯೋಳಿರಲಿಲ್ಲ ಕಣಮ್ಮ. ಈಚೆ ದಡ ನೋಡಿದ್ದ. ಆಚೆ ದಡದಾಗೆ ಸೀಮೆಜಾಲಿ ತುಂಬ್ಕೊಂಡಿತ್ತು, ಬಿಸ್ಲು ಎದುರಿಗಿತ್ತು. ನೋಡ್ದೆ ಅಂತ್ಲೇ ಅಂದ್ಕೊಂಡಿದ್ದ. ಆಚೆ ದಡ ನೋಡ್ಲಿಲ್ಲ ಅಂತ ಒಂದು ಮಾತು ಅಂದಿದ್ರೆ ನಾನೇ ಓಗ್ತಿದ್ದೆ.”

ಲಾವಣ್ಯ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ಸಂಜೆಯ ತನಕ ಕೂತು ಚೀಟಿಯನ್ನು ಮತ್ತೆ ಬರೆದಳು. ಜುಂಜಮ್ಮ ಅದನ್ನು ಪುಸ್ತಕಕ್ಕೆ ಇಳಿಸಿದಳು: “ಈ ತುಂಡನ್ನು ಯಾರು ಬಳಸುತ್ತಾರೆಂದು ಹುಡುಕಿ ಕೊಡುತ್ತದೆ. ಕೊಟ್ಟ ಫೋಲ್ಡರಿನಲ್ಲಿ ಮಾತ್ರ ಹುಡುಕುತ್ತದೆ. ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸಗಳನ್ನು ನೋಡುವುದಿಲ್ಲ. ಏನೂ ಸಿಗದಿದ್ದರೆ, ಯಾರೂ ಬಳಸುತ್ತಿಲ್ಲ ಎಂದು ತಿಳಿಯಬಾರದು. ಇದೊಂದನ್ನೇ ನಂಬಿ ಏನನ್ನೂ ಅಳಿಸಬಾರದು.” ಬರೆಯಲು ಒಂದು ಗಂಟೆಯ ಮೇಲೆ ಹಿಡಿಯಿತು.

ಎರಡು ದಿನ ಬಿಟ್ಟು ನವೀನ್ ಕುಮಾರ್ ಫೋನ್ ಮಾಡಿದ. ಲಾವಣ್ಯ ಸೊಪ್ಪು ಬಿಡಿಸುತ್ತ ಕೂತಿದ್ದವಳು ಫೋನಿನ ಸ್ಪೀಕರ್ ಹಾಕಿ ಬಂಡೆಯ ಮೇಲೆ ಇಟ್ಟಳು.

“ಲಾವಣ್ಯ, ಏನಮ್ಮ ಇದು, ಕಾದಂಬರಿ ಬರೆದಿದ್ದೀಯಾ? ನಲವತ್ತು ಟೂಲ್ ಇದಾವೆ. ಪ್ರತಿ ಸಲ ಏಜೆಂಟ್ ಅಷ್ಟನ್ನೂ ಓದ್ಬೇಕು. ಎರಡು ಸಾಲಿನ ಮೇಲೆ ಇರಕೂಡದು ಅಂತ ಹೇಳಿದ್ದೀನಲ್ಲ.”

“ಸಾರ್, ಇದೊಂದಕ್ಕೆ ಬೇಕು ಸಾರ್. ಅದು ಏನ್ ನೋಡಲ್ಲ ಅಂತ—”

“ಏನ್ ನೋಡಲ್ಲ ಅಂತ ಬರೀತಾ ಹೋದ್ರೆ ಮುಗಿಯುತ್ತಾ? ಏನ್ ಮಾಡುತ್ತೆ ಅಷ್ಟು ಬರಿ ಸಾಕು. ಮಧ್ಯಾಹ್ನದೊಳಗೆ ಕಳ್ಸು.”

ಲಾವಣ್ಯ ಕೈ ತೊಳೆದುಕೊಂಡು ಲ್ಯಾಪ್‌ಟಾಪ್ ತೆರೆದಳು. ಕಡೆಯ ಮೂರು ಸಾಲು ತೆಗೆದಳು.

“ಬುಟ್ಬುಟ್ಯಾ?” ಅಂದಳು ಜುಂಜಮ್ಮ.

“ಅವರೇ ಹೇಳಿದ್ರಲ್ಲ ಅಜ್ಜಿ. ಅಳಿಸೋ ಮುಂಚೆ ಮನುಷ್ಯರೂ ಒಂದ್ಸಲ ನೋಡ್ತಾರೆ, ಬಿಡು.”

ಅದೇ ಹೊತ್ತಿಗೆ ರೊಪ್ಪದಲ್ಲಿ ಒಂದು ಕುರಿ ಈಯಲು ತಿಣುಕುತ್ತಿತ್ತು. ಮರಿ ಅಡ್ಡಬಿದ್ದಿತ್ತು. ಜುಂಜಮ್ಮ ಎದ್ದು ಹೋದಳು. ಇನ್ನೊಂದು ಮಾತು ಆಡಲಿಲ್ಲ. ಆಡಬೇಕಿತ್ತು ಅಂತ ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿತು.

ನಾಲ್ಕು ತಿಂಗಳು ಕಳೆಯಿತು. ಶೇಂಗಾ ಕಿತ್ತು, ಬಳ್ಳಿ ಒಣಗುವ ಕಾಲ. ಒಂದು ಬೆಳಿಗ್ಗೆ ಲಾವಣ್ಯ ಬಂಡೆಯ ಮೇಲೆ ಲ್ಯಾಪ್‌ಟಾಪ್ ತೆರೆದವಳು, ನೆರಳು ಸರಿದು ಬಿಸಿಲು ನೆತ್ತಿಗೆ ಬಂದರೂ ಗೋಣಿತಾಟು ಸರಿಸಲಿಲ್ಲ. ಜುಂಜಮ್ಮ ಹೋಗಿ ಭುಜ ಮುಟ್ಟಿದಳು. ಆಫೀಸಿನಿಂದ ಮೇಲ್ ಬಂದಿತ್ತು.

ಯಾವುದೋ ಬೇರೆ ರಾಜ್ಯದಲ್ಲಿ ಕೆಲವು ಸಣ್ಣ ಆಸ್ಪತ್ರೆಗಳಿಗೆಲ್ಲ ಸೇರಿ ಒಂದು ಹಳೆಯ ಸಾಫ್ಟ್‌ವೇರ್ ಇತ್ತು. ಅದರ ಕಸ ತೆಗೆಯಲು ಏಜೆಂಟ್ ಬಿಟ್ಟಿದ್ದರು. ಡಯಾಲಿಸಿಸ್ ಯಂತ್ರ ಕೆಟ್ಟ ದಿನ, ಇವತ್ತು ಇಲ್ಲಿಗೆ ಬರಬೇಡಿ, ಇಂಥ ಊರಿಗೆ ಹೋಗಿ ಎಂದು ಬೆಳಗಿನ ಜಾವ ರೋಗಿಗಳಿಗೆ ಮೆಸೇಜ್ ಕಳಿಸುವ ಒಂದು ತುಂಡು ಅದರಲ್ಲಿತ್ತು. ಅದನ್ನು ಬಳಸುತ್ತಿದ್ದುದು ಹೊತ್ತಿಗೆ ಸರಿಯಾಗಿ ತಾನೇ ಓಡುವ ಒಂದು ಕೆಲಸ. ಏಜೆಂಟ್ ಲಾವಣ್ಯಳ ಟೂಲನ್ನು ಎತ್ತಿಕೊಂಡು ಹುಡುಕಿತು. ಏನೂ ಸಿಗಲಿಲ್ಲ. “ಬಳಸುವವರು ಯಾರೂ ಇಲ್ಲ, ತೆಗೆಯಬಹುದು” ಎಂದು ಬರೆದಿಟ್ಟಿತು. ನೋಡಬೇಕಾದ ಮನುಷ್ಯರು ಮುನ್ನೂರು ತುಂಡುಗಳ ಪಟ್ಟಿಯ ಕೆಳಗೆ ಒಂದೇ ಸಲ ಒಪ್ಪಿಗೆ ಒತ್ತಿದರು. ಒಂದು ವಾರದ ಮೇಲೆ ಯಂತ್ರ ಕೆಟ್ಟಿತು. ಒಬ್ಬ ಮುದುಕ ಮೂವತ್ತು ಮೈಲಿ ಬಸ್ಸಿನಲ್ಲಿ ಬಂದು ಆಸ್ಪತ್ರೆಯ ಬಾಗಿಲ ಮುಂದೆ ಸಂಜೆಯ ತನಕ ಕೂತಿದ್ದು ವಾಪಸು ಹೋದ. ಡಯಾಲಿಸಿಸ್ ಇಲ್ಲದೆ ಮೂರನೆಯ ದಿನ ಸತ್ತ.

ಇದನ್ನೆಲ್ಲ ಲಾವಣ್ಯ ಒಂದೇ ಸಮನಾದ ದನಿಯಲ್ಲಿ ಹೇಳಿದಳು. ಕಡೆಗೆ, “ಅವರಿಗೆ ಅರವತ್ತೇಳು ವರ್ಷ ಅಂತೆ ಅಜ್ಜಿ” ಅಂದಳು.

ಮರುದಿನ ನವೀನ್ ಕುಮಾರ್ ಬೈಕಿನಲ್ಲಿ ಬಂದ. ಮೂವತ್ತೈದರ ಆಸುಪಾಸಿನವನು, ಕೆಟ್ಟವನಂತೆ ಕಾಣುತ್ತಿರಲಿಲ್ಲ. ಅವನೂ ನಿದ್ದೆಗೆಟ್ಟಿದ್ದ. ಜುಂಜಮ್ಮ ಕೊಟ್ಟ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದು, ಚೀಲದಿಂದ ಒಂದು ಹಾಳೆ ತೆಗೆದ.

“ನೋಡು ಲಾವಣ್ಯ, ವಿಚಾರಣೆ ಮಾಡ್ತಿದ್ದಾರೆ. ಚೀಟಿ ಬರೆದೋರು ಏನಂತಾರೆ ಅಂತ ಕೇಳಿದ್ದಾರೆ. ಟೂಲಿಗೆ ಈ ಮಿತಿ ಇದೆ ಅಂತ ನಂಗೆ ಗೊತ್ತಿರಲಿಲ್ಲ ಅಂತ ಬರ್ಕೊಡು, ಸಾಕು. ತರಬೇತಿ ಸಾಲ್ದು ಅಂತ ಆಗುತ್ತೆ. ನಿನ್ ಕೆಲ್ಸ ಉಳಿಯುತ್ತೆ, ನಂದೂ ಉಳಿಯುತ್ತೆ.”

“ಗೊತ್ತಿತ್ತಲ್ಲ ಸಾರ್.”

“ಗೊತ್ತಿತ್ತು ಅಂದ್ರೆ, ಗೊತ್ತಿದ್ದೂ ಬಿಟ್ಲು ಅಂತಾಗುತ್ತೆ. ಇನ್ನೆಲ್ಲೂ ಕೆಲ್ಸ ಸಿಗಲ್ಲ ನಿಂಗೆ. ನಾನು ನೋಡಿದ್ದು ನಿನ್ನ ಕಡೇ ಚೀಟಿ ಮಾತ್ರ ಅಂತೀನಿ. ಮುಂಚಿನದನ್ನ ಅಳಿಸಾಗಿದೆ, ಎಲ್ಲೂ ಇಲ್ಲ.”

ಲಾವಣ್ಯ ಜುಂಜಮ್ಮನ ಮುಖ ನೋಡಿದಳು. ಮುಂಚಿನದು ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿತ್ತು. ಒಳಗೆ, ಗೂಡಿನಲ್ಲಿ, ಕೆಂಪು ಬಟ್ಟೆಯ ಡಬ್ಬದ ಪಕ್ಕ. ಪುಸ್ತಕ ತಂದರೆ ಹುಡುಗಿಯ ಬದುಕು ಹೋಗುತ್ತದೆ. ತರದೆ ಇದ್ದರೆ, ಅಲ್ಲಿ ಬಾಗಿಲ ಮುಂದೆ ಕೂತು ಹೋದವನ ಸಾವಿಗೆ ಯಾರೂ ಕಾರಣರಲ್ಲ ಅಂತಾಗುತ್ತದೆ. ಜುಂಜಮ್ಮ ಕೂತಲ್ಲಿಂದ ಏಳಲಿಲ್ಲ.

“ಅಜ್ಜಿ, ತಗೊಂಡ್ಬಾ,” ಅಂದಳು ಲಾವಣ್ಯ.

ಜುಂಜಮ್ಮ ತಂದು ಬಂಡೆಯ ಮೇಲಿಟ್ಟಳು. ನವೀನ್ ಕುಮಾರ್ ಆ ದಪ್ಪ ದಪ್ಪ ಅಕ್ಷರಗಳನ್ನು ಓದಿದ. ಎರಡು ಸಲ ಓದಿದ. ಕೆಳಗಿನ ತಾರೀಖನ್ನೂ ನೋಡಿದ. “ಇದನ್ನ ಯಾರಿಗೂ ತೋರಿಸಬೇಕಿಲ್ಲ ಅಜ್ಜಿ” ಅಂದ.

ಲಾವಣ್ಯ ಅವನ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಬರೆದಳು: “ನನಗೆ ಗೊತ್ತಿತ್ತು. ಮೊದಲು ಬರೆದಿದ್ದೆ. ಉದ್ದವಾಯಿತೆಂದು ನಾನೇ ತೆಗೆದೆ.” ಸಹಿ ಹಾಕಿದಳು. ತೆಗೆ ಅಂದವನು ಯಾರು ಅಂತ ಬರೆಯಲಿಲ್ಲ. ನವೀನ್ ಕುಮಾರ್ ಅದನ್ನು ಓದಿ, ಹಾಳೆಯನ್ನು ಮಡಿಸಿಕೊಂಡು ಹೋದ. ಬೈಕಿನ ಸದ್ದು ಕೆರೆ ಏರಿಯ ತನಕ ಕೇಳುತ್ತಿತ್ತು.

ಒಂಬತ್ತು ದಿನಕ್ಕೆ ಆಫೀಸಿನವರು ಲ್ಯಾಪ್‌ಟಾಪ್ ವಾಪಸು ಕೇಳಿದರು. ಬಂಡೆಯ ಮೇಲೆ ಗೋಣಿತಾಟು ಹಾಗೇ ಉಳಿಯಿತು. ಜುಂಜಮ್ಮ ಅದನ್ನು ತೆಗೆಯಲೂ ಇಲ್ಲ, ಬೇರೆಯವರನ್ನು ಅದರ ಮೇಲೆ ಕೂರಗೊಡಲೂ ಇಲ್ಲ. ಲಾವಣ್ಯ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಒಲೆಯ ಮುಂದೆ ಕೂತರೆ ಬೆಂಕಿ ಆರಿದ್ದು ಗೊತ್ತಾಗುತ್ತಿರಲಿಲ್ಲ. ಸುನಿಲ್‌ಕುಮಾರ್ ಬಂದಾಗ, “ಅಜ್ಜಿ, ಅವಳು ಉಣ್ತಿಲ್ಲ, ನೀನಾದ್ರೂ ಬುದ್ಧಿ ಯೋಳು” ಅಂದ. ಜುಂಜಮ್ಮ ಹೋದಳು. ರಾಗಿಮುದ್ದೆ ಮುರಿದು ಬಾಯಿಗಿಟ್ಟಳು. ಹುಡುಗಿ ನುಂಗಿದಳು. ನಿನ್ನ ತಪ್ಪಲ್ಲ ಅನ್ನೋಣವೆಂದರೆ, ಅದು ಪೂರ್ತಿ ನಿಜ ಅಲ್ಲ. ನಿನ್ನದೇ ತಪ್ಪು ಅನ್ನೋಣವೆಂದರೆ, ಅದೂ ಅಲ್ಲ.

ಸ್ವಲ್ಪ ದಿನ ತವರಿನಲ್ಲಿ ಇರಲಿ ಅಂತ ಮನೆಯವರು ತೀರ್ಮಾನಿಸಿದರು. ಅದಾಗಿ ಈಗ ಏಳು ತಿಂಗಳು. ಅವಳು ಹಟ್ಟಿಗೆ ಮರಳಲಿಲ್ಲ. ಶಿರಾದಲ್ಲಿ ಯಾರದೋ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾಳೆ, ಯಾರೊಂದಿಗೂ ಮಾತಿಲ್ಲ ಅಂತ ಸುನಿಲ್‌ಕುಮಾರ್ ಹೇಳಿದ. ಅವನು ಕರೆಯಲು ಎರಡು ಸಲ ಹೋಗಿದ್ದ, ಮೂರನೆಯ ಸಲ ಹೋಗಲಿಲ್ಲ. ಜುಂಜಮ್ಮ ಬಂಡೆ ಹತ್ತಿ, ಪುಸ್ತಕದಲ್ಲಿ ಬರೆದಿಟ್ಟುಕೊಂಡ ನಂಬರನ್ನು ಒಂದೊಂದೇ ಅಂಕಿ ನೋಡಿ ಒತ್ತುತ್ತಾಳೆ. ಗಂಟೆ ಹೊಡೆಯುತ್ತದೆ. ಯಾರೂ ಎತ್ತುವುದಿಲ್ಲ.

ಹೊರಟ ದಿನ ಲಾವಣ್ಯ ಬಂಡೆಯ ಹತ್ತಿರ ಬಂದಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. ಮಧುಗಿರಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಮುಳ್ಳುಬೇಲಿಯಿಂದ ಅವಳು ಎಳೆದು ಬದುಕಿಸಿದ ಮರಿ ಆ ಹೊತ್ತಿಗೆ ಬಲಿತ ಕುರಿಯಾಗಿತ್ತು. ಅದು ಬಂದು ಅವಳ ಸೆರಗು ಮೂಸಿತು. ಅವಳು ಅದರ ಎಡಗಿವಿಯ ಮಚ್ಚೆಯನ್ನು ಸವರುತ್ತ ನಿಂತಳು.

ಕೆಳಗಿನ ದಾರಿಯಲ್ಲಿ ಮೈದುನ ರಂಗೇಶ್ ಕುರಿ ಹೊಡೆದುಕೊಂಡು ಬಂದ. ಕೂದಲು ಅರ್ಧ ನರೆತಿದೆ ಅವನಿಗೆ. ಜುಂಜಮ್ಮನ ಮನೆಯ ಎದುರಿಗೆ ಬಂದಾಗ ಯಾವಾಗಲೂ ಮಾಡುವಂತೆ ಮುಖವನ್ನು ಆಚೆ ತಿರುಗಿಸಿಕೊಂಡು, ಕೋಲನ್ನು ನೆಲಕ್ಕೆ ತಾಗಿಸದೆ ಎತ್ತಿ ಹಿಡಿದು, ಸದ್ದಾಗದ ಹಾಗೆ ದಾಟಿ ಹೋದ. ಜುಂಜಮ್ಮ ಕೂಡ ಯಾವಾಗಲೂ ಮಾಡುವಂತೆ ತೊಟ್ಟಿಯ ನೀರು ನೋಡುತ್ತ ನಿಂತಳು. ಲಾವಣ್ಯ ಅವನನ್ನೂ ನೋಡಿದಳು, ಇವಳನ್ನೂ ನೋಡಿದಳು. ಕಡೆಯ ಕುರಿ ತಿರುವಿನಲ್ಲಿ ಮರೆಯಾದ ಮೇಲೆ ಕೇಳಿದಳು:

“ಅಜ್ಜಿ, ಆಚೆ ದಡ ನೋಡ್ಲಿಲ್ಲ ಅಂತ ಅವರಿಗೆ ಗೊತ್ತಾದ್ಮೇಲೆ, ಇಪ್ಪತ್ತೊಂದು ವರ್ಷದಲ್ಲಿ ಒಂದಿನನಾದ್ರೂ ನೀನು ಅವರನ್ನ ಬಾ ಅಂತ ಕರೆದು ಮಾತಾಡ್ಸಿದ್ಯಾ?”